ಚಾಕಣದ ಗೋದಾಮಿನ ಉದ್ದ ಪುಸ್ತಕ

ಕಂಪನಿಯ ಒಳಗಿನವರು ಬಳಸುವ ತಂತ್ರಾಂಶವನ್ನು ರೂಪಿಸುವುದು ನನ್ನ ಕೆಲಸ. ಹೊರಗಿನ ಗ್ರಾಹಕನಿಗೆ ಆ್ಯಪ್ ಒಗ್ಗದಿದ್ದರೆ ಬಿಟ್ಟು ಹೋಗುತ್ತಾನೆ, ಆ ನಷ್ಟ ಲೆಕ್ಕದಲ್ಲಿ ಕಾಣುತ್ತದೆ. ಸಹೋದ್ಯೋಗಿಗೆ ಬಿಟ್ಟು ಹೋಗುವ ದಾರಿಯಿಲ್ಲದ್ದರಿಂದ ಆತ ಸದ್ದಿಲ್ಲದೆ ಒಂದು ಅಡ್ಡದಾರಿ ಹುಡುಕಿಕೊಳ್ಳುತ್ತಾನೆ. ಇದನ್ನು ನಾನು ಕಲಿತದ್ದು ಪುಣೆ ಹತ್ತಿರದ ಚಾಕಣದಲ್ಲಿರುವ ನಮ್ಮ ಗೋದಾಮಿನಲ್ಲಿ.

ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿ ನಿಯಮದಡಿ ಆನ್‌ಲೈನಿನಲ್ಲಿ ಪಡೆಯುವ ಪತ್ರ, ಇಲ್ಲದೆ ಲಾರಿ ಹೊರಡುವಂತಿಲ್ಲ. ಅದರ ಭಾಗ-ಎಯಲ್ಲಿ ಸರಕಿನ ವಿವರ, ಭಾಗ-ಬಿಯಲ್ಲಿ ವಾಹನದ ಸಂಖ್ಯೆ ಇರುತ್ತದೆ; ಭಾಗ-ಬಿ ತುಂಬಿದಾಗಿನಿಂದ, 200 ಕಿಲೋಮೀಟರಿಗೆ ಒಂದು ದಿನದಂತೆ, ಬಿಲ್ಲು ಚಾಲ್ತಿಯಲ್ಲಿರುವ ಅವಧಿಯ ಎಣಿಕೆ ಶುರುವಾಗುತ್ತದೆ. ನಮ್ಮ ತಂತ್ರಾಂಶದಲ್ಲಿ ನಾವು ಎರಡೂ ಭಾಗಗಳನ್ನು ಒಂದೇ ಗುಂಡಿಗೆ ಜೋಡಿಸಿದ್ದೆವು, ಏಕೆಂದರೆ ಸಭೆಗೆ ಬರುತ್ತಿದ್ದವರು ಲೆಕ್ಕಪತ್ರ ವಿಭಾಗದವರು ಮಾತ್ರ, ಅವರಿಗೆ ಬಿಲ್ಲಾದೊಡನೆ ಕೆಲಸ ಮುಗಿಯಬೇಕಿತ್ತು. ಒಂದೇ ಗೋದಾಮಿದ್ದಾಗ ಲಾರಿ ಬದಲಾದರೆ ಅಲ್ಲಿಂದ ಫೋನ್ ಬರುತ್ತಿತ್ತು, ಇಲ್ಲಿ ಯಾರಾದರೂ ತಿದ್ದುತ್ತಿದ್ದರು. ಗೋದಾಮುಗಳು ಮೂರಾಗಿ, ಫೋನ್ ಮಾಡುವವರಿಗೂ ಎತ್ತುವವರಿಗೂ ಪರಸ್ಪರ ಹೆಸರೇ ಗೊತ್ತಿಲ್ಲದಂತಾದ ಮೇಲೆ, ಸೋಲಾಪುರದ ದಾರಿಯಲ್ಲಿ ನಮ್ಮ ಲಾರಿಯೊಂದನ್ನು ತಡೆದು ನಿಲ್ಲಿಸಿದರು: ಬಿಲ್ಲಿನಲ್ಲಿದ್ದ ನಂಬರು ಬೇರೆ, ಗಾಡಿ ಬೇರೆ.

ಕಾರಣ ತಿಳಿಯಲು ಚಾಕಣಕ್ಕೆ ಹೋದೆ. ಅಲ್ಲಿನ ರಾತ್ರಿ ಪಾಳಿಯ ಮೇಲ್ವಿಚಾರಕರು ಇಂಡಿ ತಾಲ್ಲೂಕಿನವರು. ಕನ್ನಡದಲ್ಲಿ ಮಾತು ತೆಗೆದದ್ದೇ ತಡ, ಮೇಜಿನ ಖಾನೆಯಿಂದ ಉದ್ದನೆಯ ಪುಸ್ತಕವೊಂದನ್ನು ತೆಗೆದಿಟ್ಟರು. ಕೆಂಪು ಶಾಯಿಯಲ್ಲಿ ಗೀಟು ಹಾಕಿದ ಅಂಕಣಗಳು. ಹಳೆಯ ನಂಬರು ಹೊಡೆದು, ಪಕ್ಕದಲ್ಲಿ ಹೊಸದು, ಅದರ ಮುಂದೆ ಚಾಲಕನ ಸಹಿ. “ಸರ, ನಿಮ್ಮ ಬಿಲ್ಲ ಆಗೂದು ಸಂಜಿ ಐದಕ್ಕ, ಗಾಡಿ ಬರೂದು ರಾತ್ರಿ ಹತ್ತಕ್ಕ. ನಂಬರ ನಾ ಎಲ್ಲಿಂದ ತರ್ಲಿ?” ನಂಬರಿಲ್ಲದೆ ನಮ್ಮ ಪರದೆ ಮುಂದೆ ಸರಿಯುತ್ತಿರಲಿಲ್ಲವಾದ್ದರಿಂದ ಅವರು ನಿನ್ನೆಯ ಗಾಡಿಯ ನಂಬರನ್ನೇ ಹಾಕುತ್ತಿದ್ದರು. ನಾವು ಆರು ತಿಂಗಳು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಆ ಪುಟಗಳಲ್ಲಿ ಬರೆದಿತ್ತು, ಅದನ್ನು ಓದುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ಗುಂಡಿಯನ್ನು ಎರಡಾಗಿಸುವುದು ಸುಲಭವಿತ್ತು. ಕಷ್ಟವಾದದ್ದು ಲೆಕ್ಕಪತ್ರ ವಿಭಾಗದ ಮೇಡಂ ಅವರನ್ನು ಒಪ್ಪಿಸುವುದು. ಗೇಟಿನಲ್ಲಿ ಯಾರು ಬೇಕಾದರೂ ನಂಬರು ತಿದ್ದಿದರೆ ನಾಳೆ ಲೆಕ್ಕ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವರು ತಾವು ಎಂಬ ಅವರ ಆತಂಕ ನ್ಯಾಯವಾದದ್ದೇ ಆಗಿತ್ತು. ನಾನು ಮಧ್ಯವರ್ತಿಯಾಗಿ ಇಬ್ಬರ ಮಾತನ್ನೂ ಹೊತ್ತು ತಿರುಗುವ ಬದಲು ಅವರನ್ನೇ ಚಾಕಣಕ್ಕೆ ಕರೆದೊಯ್ದೆ. ಪುಸ್ತಕದಲ್ಲಿ ಪ್ರತಿ ಬದಲಾವಣೆಗೂ ಸಹಿ ಇರುವುದನ್ನು ಬೆರಳಿಟ್ಟು ನೋಡಿ, “ತಂತ್ರಾಂಶದಲ್ಲೂ ಹೀಗೇ ಇರಲಿ” ಎಂದವರು ಅವರೇ. ಈಗ ಪ್ರತಿ ಮೇಲ್ವಿಚಾರಕರಿಗೂ ಸ್ವಂತ ಲಾಗಿನ್ ಇದೆ, ಲಾರಿ ಗೇಟಿಗೆ ಬಂದ ಮೇಲೆ ನಂಬರು ತುಂಬುತ್ತಾರೆ, ಯಾರು ಯಾವಾಗ ತಿದ್ದಿದರೆಂಬುದು ದಾಖಲಾಗುತ್ತದೆ.

ಮುಂದಿನ ತಿಂಗಳು ಭಿವಂಡಿಯಲ್ಲಿ ನಾಲ್ಕನೆಯ ಗೋದಾಮು ತೆರೆಯಲಿದೆ. ಅಲ್ಲಿನ ಮೇಲ್ವಿಚಾರಕರ ನೇಮಕ ಇನ್ನೂ ಆಗಿಲ್ಲ; ಆದ ದಿನವೇ ಅವರ ಹೆಸರು ನಮ್ಮ ಸಭೆಯ ಪಟ್ಟಿಗೆ ಸೇರಬೇಕೆಂದು ಕೇಳಿಕೊಂಡಿದ್ದೇನೆ.