ಡಿವೋರ್ಸ್ ಆದರೆ ಗಂಡನ ಆಸ್ತಿಯಲ್ಲಿ ಅರ್ಧ ಬರುತ್ತಾ?

ನಾನು ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿ ಕೇಸು ನಡೆಸುವ ವಕೀಲೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಆವರಣದಲ್ಲಿ, ಫೋನಿನಲ್ಲಿ, ನೆಂಟರ ಮದುವೆ ಊಟದ ಪಂಕ್ತಿಯಲ್ಲೂ ನನಗೆ ಎದುರಾಗುವ ಪ್ರಶ್ನೆ ಇದು: "ಮೇಡಂ, ಡಿವೋರ್ಸ್ ಆದರೆ ಅವರ ಆಸ್ತಿಯಲ್ಲಿ ನನಗೆ ಅರ್ಧ ಬರುತ್ತಾ?"

ಇಲ್ಲ, ಬರುವುದಿಲ್ಲ. ಗೋವಾದಲ್ಲಿ ಬೇರೆ ಕಾನೂನಿದೆ, ಅಲ್ಲಿ ಗಂಡ ಹೆಂಡತಿಯ ಆಸ್ತಿ ಸಾಮಾನ್ಯವಾಗಿ ಇಬ್ಬರದೂ ಆಗುತ್ತದೆ. ನಮ್ಮಲ್ಲಿ ಸೈಟು, ಫ್ಲಾಟು ಯಾರ ಹೆಸರಿನಲ್ಲಿದೆಯೋ ಮೊದಲಿಗೆ ಅವರದೇ. ಇಬ್ಬರ ಹೆಸರಿದ್ದರೆ ನಿಮ್ಮ ಪಾಲು ನಿಮ್ಮದು. ಹೆಸರು ಅವರೊಬ್ಬರದೇ ಇದ್ದು ಇಎಂಐ ನಿಮ್ಮ ಸಂಬಳದಿಂದ ಹೋಗಿದ್ದರೆ, ಆ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನೆಲ್ಲ ಇವತ್ತೇ ತೆಗೆದಿಟ್ಟುಕೊಳ್ಳಿ. ನಾಳೆ ನಿಮ್ಮ ಹಣ ಅಂತ ಕೇಳಲು ಅದೇ ಆಧಾರ.

ಈ ಉತ್ತರ ಕೇಳಿ ಎಷ್ಟೋ ಜನ ಸೋತು ಹೋಗುತ್ತಾರೆ. "ಹಾಗಾದರೆ ನನಗೇನೂ ಇಲ್ವಾ?" ಅನ್ನುತ್ತಾರೆ. ಇದೆ, ತುಂಬಾ ಇದೆ. ಆದರೆ ಅದು ತಾನಾಗಿ ಮನೆಗೆ ಬರುವುದಿಲ್ಲ. ಕೇಳಬೇಕು, ಬೇಗ ಕೇಳಬೇಕು, ಕಾಗದ ಇಟ್ಟುಕೊಂಡು ಕೇಳಬೇಕು.

ಎಲ್ಲಕ್ಕಿಂತ ಮೊದಲು ನಿಮ್ಮ ಒಡವೆ. ಅಪ್ಪ ಅಮ್ಮ ಹಾಕಿದ ಸರ, ಬಳೆ, ಅತ್ತೆ ಮನೆಯವರು ನಿಮಗೆಂದು ಕೊಟ್ಟ ಒಡವೆ, ನಿಮ್ಮ ಕೈಗೆ ಬಂದ ಉಡುಗೊರೆ ಇವೆಲ್ಲ ಸ್ತ್ರೀಧನ. ಅದರ ಪೂರ್ತಿ ಒಡೆತನ ನಿಮ್ಮದು. ಲಾಕರ್ ಅತ್ತೆಯ ಹೆಸರಿನಲ್ಲಿದ್ದರೂ ಅಷ್ಟೇ. ಅವರು ಬರೀ ಕಾಪಾಡುತ್ತಿದ್ದಾರೆ, ಕೇಳಿದಾಗ ವಾಪಸ್ ಕೊಡಲೇಬೇಕು. 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಇದು ಜೀವನಾಂಶದ ಲೆಕ್ಕಕ್ಕೆ ಸೇರುವ ದುಡ್ಡೂ ಅಲ್ಲ. "ಒಡವೆ ವಾಪಸ್ ಕೊಟ್ಟೆವಲ್ಲ, ಇನ್ನೇನು ಕೊಡಬೇಕು?" ಅಂದರೆ ಒಪ್ಪಬೇಡಿ. ನಿಮ್ಮದನ್ನೇ ನಿಮಗೆ ಕೊಟ್ಟಿದ್ದಾರೆ, ಅಷ್ಟೇ ಅಲ್ವಾ?

ಕಷ್ಟ ಬರುವುದು ಸಾಬೀತು ಮಾಡುವಾಗ. ಚಿನ್ನದಂಗಡಿಯ ಬಿಲ್ಲು ಹುಡುಕಿ. ಸಿಗದಿದ್ದರೆ ಮದುವೆ ಆಲ್ಬಮ್, ವಿಡಿಯೊ ತೆಗೆಯಿರಿ. ಯಾವ ಸರ ಹಾಕಿದ್ದಿರಿ ಅಂತ ಅದರಲ್ಲಿ ಕಾಣುತ್ತದೆ. ನಮ್ಮ ಕಡೆ ಮದುವೆಗಳಲ್ಲಿ ಮುಯ್ಯಿ ಬರೆದುಕೊಳ್ಳುವ ಪುಸ್ತಕ ಇರುತ್ತದಲ್ಲ, ಅದನ್ನು ಎಸೆಯಬೇಡಿ. ಯಾರು ಏನು ಕೊಟ್ಟರು ಅಂತ ಅವತ್ತೇ ಬರೆದ ಲೆಕ್ಕ ಅದು, ಒಳ್ಳೆಯ ಸಾಕ್ಷಿಯಾಗುತ್ತದೆ.

ಆಮೇಲೆ ಜೀವನಾಂಶ. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಕೇಸು ನಡೆಯುವಾಗಲೇ ತಿಂಗಳ ಖರ್ಚು, ಕೋರ್ಟ್ ಖರ್ಚು ಎರಡನ್ನೂ ಕೇಳಬಹುದು. 25ನೇ ಸೆಕ್ಷನ್‌ನಲ್ಲಿ ಶಾಶ್ವತ ಜೀವನಾಂಶ ಇದೆ, ಒಂದೇ ಸಲಕ್ಕೆ ದೊಡ್ಡ ಮೊತ್ತವಾಗಿ ಅಥವಾ ತಿಂಗಳು ತಿಂಗಳು. ಹಿಂದೆ ಸಿಆರ್‌ಪಿಸಿಯ (ಅಪರಾಧ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್‌ನಲ್ಲಿದ್ದ ಜೀವನಾಂಶದ ಅವಕಾಶ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಅದು ಎಲ್ಲ ಧರ್ಮದವರಿಗೂ ಇದೆ. ವಿಚ್ಛೇದನ ಆದ ಮುಸ್ಲಿಂ ಮಹಿಳೆಯೂ 125ರ ಕೆಳಗೆ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೆ ಹೇಳಿತು.

"ಎಷ್ಟು ಸಿಗುತ್ತೆ?" ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. 2017ರ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲಿ ಗಂಡನ ಕೈಗೆ ಬರುವ ಸಂಬಳದ ಶೇ 25 ಸರಿಯಾದ ಮೊತ್ತ ಎಂದು ಬಂದಿತ್ತು. ಜನ ಅದನ್ನೇ ಸೂತ್ರದ ಹಾಗೆ ಹಿಡಿದುಕೊಂಡಿದ್ದಾರೆ. ಅದು ಸೂತ್ರವಲ್ಲ. ಮದುವೆಯಾಗಿ ಎಷ್ಟು ವರ್ಷ, ಮಕ್ಕಳು ಯಾರ ಹತ್ತಿರ, ಮಕ್ಕಳಿಗೋಸ್ಕರ ನೀವು ಕೆಲಸ ಬಿಟ್ಟಿರಾ, ಮನೆ ಬಾಡಿಗೆ ಎಷ್ಟು, ಎಲ್ಲ ನೋಡುತ್ತಾರೆ. ನೀವು ದುಡಿಯುತ್ತಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ, ಮೊತ್ತ ಕಡಿಮೆ ಆಗಬಹುದು.

ಸುಪ್ರೀಂ ಕೋರ್ಟಿನ 2020ರ ರಜನೀಶ್ ಮತ್ತು ನೇಹಾ ತೀರ್ಪನ್ನು ನಾನು ಎಲ್ಲರಿಗೂ ವಿವರಿಸುತ್ತೇನೆ. ಇಬ್ಬರೂ ಆದಾಯ, ಆಸ್ತಿ, ಸಾಲದ ಪೂರ್ತಿ ವಿವರದ ಅಫಿಡವಿಟ್ ಹಾಕಲೇಬೇಕು ಎಂದಿತು ಅದು. ನೀವೂ ನಿಜ ಬರೆಯಬೇಕು. ಇನ್ನೊಂದು ಮಾತೂ ಅದರಲ್ಲಿದೆ: ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಸುಮ್ನೆ ಕಾಯುತ್ತಾ ಕೂತ ತಿಂಗಳುಗಳ ದುಡ್ಡು ಹೋದ ಹಾಗೆಯೇ.

ಈ ಊರಿನಲ್ಲಿ ಇನ್ನೊಂದನ್ನು ತುಂಬಾ ನೋಡುತ್ತೇನೆ. ನೋಟಿಸ್ ಕೈಗೆ ಬಂದ ಕೂಡಲೇ ಗಂಡನ ಸಾಫ್ಟ್‌ವೇರ್ ಕೆಲಸ "ಹೋಗಿರುತ್ತದೆ", ಸೈಟು ತಮ್ಮನ ಹೆಸರಿಗೆ ದಾನಪತ್ರ ಆಗಿರುತ್ತದೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಆ ಆಸ್ತಿಯ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಯಾವ ದಿನ ಯಾರಿಗೆ ನೋಂದಣಿ ಆಯಿತು ಅಂತ ಗೊತ್ತಾಗುತ್ತದೆ. ದುಡಿಯುವ ಶಕ್ತಿ ಇದ್ದೂ ಕೆಲಸ ಬಿಟ್ಟೆ ಅನ್ನುವುದನ್ನು ಕೋರ್ಟು ಸುಲಭವಾಗಿ ಒಪ್ಪುವುದಿಲ್ಲ.

ಮನೆಯಿಂದ ಹೊರಗೆ ಹಾಕುತ್ತೇವೆ ಎಂದು ಹೆದರಿಸಿದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಖರ್ಚಿಗೆ ಕೊಡದೆ ಸತಾಯಿಸುವುದೂ ಅದರ ಪ್ರಕಾರ ಹಿಂಸೆಯೇ. ಮನೆ ಮಾವನದೇ ಆಗಿದ್ದರೂ, ನೀವು ಅಲ್ಲಿ ಸಂಸಾರ ಮಾಡಿದ್ದರೆ ವಾಸದ ಹಕ್ಕು ಕೇಳಬಹುದು. ಒಡೆತನ ಸಿಗುವುದಿಲ್ಲ, ತಲೆ ಮೇಲೆ ಸೂರು ಉಳಿಯುತ್ತದೆ. ಬೇರೆ ಬಾಡಿಗೆ ಮನೆ ಮಾಡಿಕೊಡಿ ಅಂತಲೂ ಕೋರ್ಟು ಗಂಡನಿಗೆ ಹೇಳಬಹುದು.

ನನಗೆ ಅತಿ ಸಂಕಟ ಆಗುವುದು ಪರಸ್ಪರ ಒಪ್ಪಿಗೆಯ ಕೇಸುಗಳಲ್ಲಿ. "ಸಾಕಪ್ಪಾ, ಒಮ್ಮೆ ಮುಗಿದರೆ ಸಾಕು" ಅಂತ ದಣಿದ ಹೆಣ್ಣುಮಗಳು "ಮುಂದೆ ಏನನ್ನೂ ಕೇಳುವುದಿಲ್ಲ" ಅನ್ನುವ ಸಾಲಿನ ಕೆಳಗೆ ಸಹಿ ಹಾಕಿಬಿಡುತ್ತಾಳೆ. ದಯವಿಟ್ಟು ಹಾಗೆ ಮಾಡಬೇಡಿ. ಒಪ್ಪಂದದಲ್ಲಿ ಮೊತ್ತ, ತಾರೀಖು, ಒಡವೆಯ ಪಟ್ಟಿ, ಮಕ್ಕಳ ಫೀಸು ಎಲ್ಲ ಬರೆಸಿ. ಕೊನೆಯ ಹೇಳಿಕೆ ಕೊಡುವ ದಿನ ಡಿಡಿ ಕೈಯಲ್ಲಿರಲಿ. ತೀರ್ಪು ಬರುವವರೆಗೂ ನಿಮ್ಮ ಒಪ್ಪಿಗೆ ವಾಪಸ್ ಪಡೆಯಬಹುದು, ಅದು ನೆನಪಿರಲಿ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಬಹುದು. 144ನೇ ಸೆಕ್ಷನ್‌ನ ಜೀವನಾಂಶದ ಆದೇಶ ಆದ ಮೇಲೂ ಗಂಡ ಕೊಡದಿದ್ದರೆ, ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿ. ಕೊಡದೆ ಉಳಿಸಿಕೊಂಡವರನ್ನು ಜೈಲಿಗೆ ಕಳಿಸುವ ಅಧಿಕಾರವೂ ಆ ಕೋರ್ಟಿಗೆ ಇದೆ.