ಆ ಎರಡು ಗಿಟುಕು

"ಅಮ್ಮಾ, ತಾತ ಕೊಟ್ಟ ಕೊಬ್ಬರಿ ಎಲ್ಲಿದೆ?"

ಗೌರಿ ಹಬ್ಬದ ಹಿಂದಿನ ಸಂಜೆ ಮಗಳು ಹೀಗೆ ಕೇಳಿದಳು. ಆಗಷ್ಟೇ ಅಪ್ಪನ ಜೊತೆ ಮಾತಾಡಿ ಫೋನ್ ಇಟ್ಟಿದ್ದೆ. "ಕರ್ಜಿಕಾಯಿಗೆ ಕೊಬ್ಬರಿ ಐತಾ? ಹೋದ ವರ್ಷದ್ದು ಒಂದೆರಡಾದ್ರೂ ಉಳಿದಿರ್ಬೇಕಲ್ಲ" ಅಂತ ಅಪ್ಪ ಕೇಳಿದ್ದ. "ಎರಡು ಗಿಟುಕು ಇದೆ ಅಪ್ಪ" ಅಂದಿದ್ದೆ. ಗಿಟುಕು ಅಂದರೆ ಒಡೆಯದ ಇಡೀ ಉಂಡೆ ಕೊಬ್ಬರಿ. ಏಳು ವರ್ಷದ ಇವಳು ಅಡುಗೆಮನೆಯ ಡಬ್ಬಗಳನ್ನೆಲ್ಲ ಬಿಚ್ಚಿ ನೋಡಿ ಬಂದು ನಿಂತಿದ್ದಳು. "ಎರಡು ಅಂದ್ಯಲ್ಲ, ಒಂದೂ ಇಲ್ಲ."

"ಖಾಲಿ ಆಯ್ತು ಪುಟ್ಟಿ" ಅಂದೆ. ಐದು ನಿಮಿಷದಲ್ಲಿ ಎರಡು ಸುಳ್ಳು.

ನಮ್ಮದು ತಿಪಟೂರಿನ ಹತ್ತಿರ ಒಂದು ಹಳ್ಳಿ. ಸಕ್ಕರೆ ಇಲ್ಲ, ಕರೆಂಟ್ ಇಲ್ಲ, ಕಾಸಿಲ್ಲ, ಈ ಮಾತೆಲ್ಲ ಆ ಮನೆಯಲ್ಲಿ ಕೇಳಿದ್ದೇನೆ. ಕೊಬ್ಬರಿ ಇಲ್ಲ ಅಂತ ಯಾರೂ ಅಂದಿದ್ದು ನೆನಪಿಲ್ಲ. ಅಟ್ಟದ ಮೇಲೆ ಯಾವಾಗಲೂ ಕಾಯಿ ರಾಶಿ. ನಾವು ಮಕ್ಕಳು ಹತ್ತಿ, ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆವು. ನೀರಿನ ಸದ್ದು ಬಂದರೆ ಇನ್ನೂ ಕಾಯಬೇಕು. ಒಳಗೆ ಗಿಟುಕು ಲೊಟಲೊಟ ಅಂದರೆ ಆಯಿತು ಅಂತ ಲೆಕ್ಕ. ಅದಕ್ಕೆ ಎಂಟು ಹತ್ತು ತಿಂಗಳು ಬೇಕು, ಕೆಲವೊಮ್ಮೆ ವರ್ಷ. ಅಂಥ ಮನೆಯಿಂದ ಬಂದವಳು ನಾನು, ಹಬ್ಬದ ಹಿಂದಿನ ದಿನ ಡಬ್ಬದ ತಳ ಕೆರೆಯುತ್ತಿದ್ದೆ.

ಈಗ ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. 2024ರಲ್ಲಿ ಚೌತಿ ಸೆಪ್ಟೆಂಬರ್ 7ರ ಶನಿವಾರ ಬಂದಿತ್ತು. ಅದೇ ದಿನ ನಮ್ಮ ಕಟ್ಟಡದವರು ಹಿಂದಿನ ಅಂಗಳದಲ್ಲಿ ಒಟ್ಟಿಗೆ ಸೇರುವುದು ಅಂತಲೂ ಗೊತ್ತಾಗಿತ್ತು. ಕೆಳಗೆ ಮೆಟ್ಟಿಲ ಹತ್ತಿರ ಒಂದು ಹಾಳೆ ಅಂಟಿಸಿದ್ದರು. ಯಾವ ಮನೆಯವರು ಯಾವ ಸಿಹಿ ಬೇಕ್ ಮಾಡಿ ತರುತ್ತಾರೆ ಅಂತ ಅದರಲ್ಲಿ ಬರೆಯಬೇಕು. ಕೆಳಗಿನ ಮನೆಯ ಅಜ್ಜಿ ಪ್ಲಮ್ ಕೇಕ್ ಬರೆದಿದ್ದರು. ಬೆಂಗಳೂರಿನ ಬೇಕರಿಗಳ ಕ್ರಿಸ್‌ಮಸ್ ಪ್ಲಮ್ ಕೇಕ್ ಅಲ್ಲ. ಇಲ್ಲಿ ಸೆಪ್ಟೆಂಬರ್ ಅಂದರೆ ನೀಲಿ ಪ್ಲಮ್ ಹಣ್ಣಿನ ಕಾಲ. ಹುದುಗು ಬಂದ ಹಿಟ್ಟನ್ನು ದೊಡ್ಡ ತಟ್ಟೆಯಲ್ಲಿ ಹರಡಿ, ಸೀಳಿದ ಹಣ್ಣನ್ನು ಸಾಲಾಗಿ ಒತ್ತಿ ಬೇಯಿಸುತ್ತಾರೆ. ಎದುರು ಮನೆಯ ಟರ್ಕಿಯವರದು ರೆವಾನಿ, ನಮ್ಮ ರವೆ ಕೇಕನ್ನು ಪಾಕದಲ್ಲಿ ನೆನೆಸಿದ ಹಾಗೆ. ಮೇಲಿನ ಮನೆಯ ಪೋಲೆಂಡಿನ ಹುಡುಗಿಯದು ಗಸಗಸೆ ಸುರುಳಿ. (ಇಲ್ಲಿನ ಗಸಗಸೆ ಕಪ್ಪು. ಒಮ್ಮೆ ಅದರಲ್ಲಿ ಪಾಯಸ ಮಾಡಿದ್ದೆ, ಸಿಮೆಂಟ್ ಕಲಸಿದ ಬಣ್ಣ ಬಂತು.) ನಾನು ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತು ಕರ್ಜಿಕಾಯಿ ಅಂತ ಬರೆದೆ.

ಬೇಕ್ ಮಾಡಿದ ಕರ್ಜಿಕಾಯಿ. ನಗಬೇಡಿ. ಎರಡು ವರ್ಷದ ಹಿಂದೆ ಕರಿಯುವಾಗ ಹೊಗೆಗೆ ಅಲಾರಂ ಹೊಡೆದುಕೊಂಡು ಇಡೀ ಕಟ್ಟಡ ಮೆಟ್ಟಿಲಿಗೆ ಬಂದಿತ್ತು. ಅವತ್ತಿನಿಂದ ಮೇಲೆ ತುಪ್ಪ ಸವರಿ ಓವನ್ನಲ್ಲಿ 180 ಡಿಗ್ರಿಗೆ 20 ನಿಮಿಷ ಇಡುತ್ತೇನೆ. "ಅದನ್ನ ಬಿಸ್ಕತ್ತು ಅನ್ನು" ಅಂತ ಅಮ್ಮ ಒಂದೇ ಮಾತಲ್ಲಿ ಮುಗಿಸಿದ್ದಾಳೆ.

ಇಂಡಿಯನ್ ಅಂಗಡಿಯಲ್ಲಿ ಕೊಬ್ಬರಿ ಹೋಳು ಖಾಲಿಯಾಗಿತ್ತು. ಇದ್ದಾಗಲೂ ಮುಗ್ಗಲು ವಾಸನೆಯೇ. ವಾಪಸ್ ಬರುವಾಗ ಕೆಳಗಿನ ಮನೆಯ ಅಜ್ಜಿ ಸಿಕ್ಕಿದರು. ಏನು ಹುಡುಕುತ್ತಿದ್ದೆ ಅಂತ ಹೇಳಿದೆ. ಸಂಜೆ ಬಾಗಿಲು ತಟ್ಟಿ ಒಣ ತೆಂಗಿನ ಪುಡಿಯ ಪ್ಯಾಕೆಟ್ ಕೊಟ್ಟರು, ಕ್ರಿಸ್‌ಮಸ್‌ಗೆ ಬಿಸ್ಕತ್ತು ಮಾಡಿ ಮಿಕ್ಕಿದ್ದಂತೆ. ಜೊತೆಗೆ ಅವರ ತಾಯಿ ಕಾಲದ ಒಂದು ಹಲ್ಲುಚಕ್ರ. ಅಮ್ಮ ಕರ್ಜಿಕಾಯಿ ಅಂಚು ಕತ್ತರಿಸುವ ಚಕ್ರವೇ, ಮರದ ಹಿಡಿ ಮಾತ್ರ ಬೇರೆ. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಅಜ್ಜಿ ತುಂಬ ಕಾಳಜಿಯಿಂದ ಕೇಳಿದರು, "ನಿಮ್ಮ ಊರಲ್ಲಿ ತೆಂಗಿನಕಾಯಿ ಸಿಗುತ್ತಾ?"

ಸಿಗುತ್ತೆ ಅಂದೆ. ಇನ್ನೇನು ಹೇಳಲಿ?

ಶನಿವಾರ ಬೆಳಿಗ್ಗೆ ಪುರುಸೊತ್ತೇ ಇರಲಿಲ್ಲ. ಈ ಊರಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಸರದಿ ವಾರಕ್ಕೊಂದು ಮನೆಗೆ. ಸರದಿ ಬಂದ ಮನೆಯ ಬಾಗಿಲಿಗೆ ಒಂದು ಹಲಗೆ ನೇತುಹಾಕುತ್ತಾರೆ. ಹಬ್ಬದ ವಾರ ಅದು ನಮ್ಮ ಬಾಗಿಲಿಗೇ ಬಂದಿತ್ತು. ಮೆಟ್ಟಿಲೆಲ್ಲ ತೊಳೆದು, ಕೊನೆಗೆ ನಮ್ಮ ಹೊಸ್ತಿಲಿಗೊಂದು ಪುಟ್ಟ ರಂಗೋಲಿ ಬಿಟ್ಟೆ. ಯಜಮಾನರು ಮತ್ತು ಮಗಳು ಪಾರ್ಕಿನಿಂದ ಗರಿಕೆ ತಂದರು, ಅರ್ಧ ಬರೀ ಹುಲ್ಲು. ಪೂಜೆ ಬೇಗ ಆಯಿತು. ಕಣಕ ನೆನೆಯುವಷ್ಟರಲ್ಲಿ ಹೂರಣಕ್ಕೆ ಕೂತೆ.

ಹುರಿಗಡಲೆ ಪುಡಿ, ಸಕ್ಕರೆ, ಏಲಕ್ಕಿ. ಪ್ಯಾಕೆಟ್ ಕತ್ತರಿಸಿ ಆ ಬಿಳಿ ಪುಡಿ ಸುರಿದೆ. ಮೂಗಿಗೆ ಹಿಡಿದರೆ ಏನೂ ಇಲ್ಲ. ಬೆರಳಿಗೆ ಜಿಡ್ಡೂ ಹತ್ತಲಿಲ್ಲ.

ಹಿಂದಿನ ವರ್ಷದ್ದು ಜಿಡ್ಡಿತ್ತು. ಅದೇ ತೊಂದರೆ ಆಗಿದ್ದು. 2023ರ ಸೆಪ್ಟೆಂಬರ್ ಮೊದಲ ವಾರ, ರಜೆ ಮುಗಿಸಿ ಹೊರಟಾಗ ಅಪ್ಪ ಹನ್ನೆರಡು ಗಿಟುಕು ಆರಿಸಿ, ಅಮ್ಮನ ಹಳೆ ಸೀರೆ ತುಂಡಿನಲ್ಲಿ ಗಂಟು ಕಟ್ಟಿ ಸೂಟ್‌ಕೇಸಿನ ನಡುವೆ ಇಟ್ಟಿದ್ದ. ಆರಿಸೋಕೆ ಒಂದಿಡೀ ಮಧ್ಯಾಹ್ನ ಹಿಡಿದಿತ್ತು. ಬೆಂಗಳೂರಲ್ಲಿ ಸೂಟ್‌ಕೇಸು ಒಳಗೆ ಹೋದ ಮೇಲೆ ನನ್ನನ್ನು ಕರೆಸಿದರು. ಕೊಬ್ಬರಿ ಬಿಡಲ್ಲ ಮೇಡಂ, ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳೋ ಸಾಮಾನಿನ ಪಟ್ಟಿಯಲ್ಲಿದೆ ಅಂದರು. ನಿಜವೇ, ಆಮೇಲೆ ನೋಡಿದೆ. ವಿಮಾನದ ನಿಯಮದಲ್ಲಿ ಕೊಬ್ಬರಿಗೆ ಅಂತಲೇ ಒಂದು ನಂಬರ್ ಇದೆ, 1363.

ಅಪ್ಪ ಇನ್ನೂ ಹೊರಗೇ ಇದ್ದ. ನಾವು ಪೂರ್ತಿ ಒಳಗೆ ಹೋಗುವ ತನಕ ಅವನು ಗಾಜಿನ ಆಚೆ ನಿಂತೇ ಇರುತ್ತಾನೆ. ಒಂದು ಫೋನ್ ಮಾಡಿ, ಬಾಗಿಲ ತನಕ ಹೋಗಿ ಗಂಟು ವಾಪಸ್ ಕೊಡಬಹುದಿತ್ತು. ಹತ್ತು ನಿಮಿಷದ ಕೆಲಸ. ಮಗಳಿಗೆ ನಿದ್ದೆ, ಹಿಂದೆ ಸಾಲು, ನನಗೆ ಒಂಥರಾ ನಾಚಿಕೆ ಬೇರೆ. ಹನ್ನೆರಡನ್ನೂ ಅಲ್ಲಿದ್ದ ತೊಟ್ಟಿಗೆ ಹಾಕಿದೆ. ಬಟ್ಟೆ ಮಾತ್ರ ಮಡಚಿ ಬ್ಯಾಗಿಗೆ ಇಟ್ಟುಕೊಂಡೆ. ಅಷ್ಟರಲ್ಲಿ ಅಪ್ಪನೇ ಫೋನ್ ಮಾಡಿದ.

"ಎಲ್ಲ ಹೋಯ್ತಾ?"

"ಹೋಯ್ತು ಅಪ್ಪ."

ಆ ಗೌರಿ ಹಬ್ಬಕ್ಕೆ ಕೊಬ್ಬರಿ ಹೆಂಗಿತ್ತು ಅಂತ ಕೇಳಿದ. ಚೆನ್ನಾಗಿತ್ತು ಅಂದೆ. ಅಲ್ಲಿಂದ ಆ ಹನ್ನೆರಡು ಗಿಟುಕು ನಮ್ಮಿಬ್ಬರ ಮಾತಲ್ಲಿ ಖರ್ಚಾಗುತ್ತಾ ಬಂದವು. ಸಂಕ್ರಾಂತಿ ಎಳ್ಳಿಗೆ ಎರಡು. ಯುಗಾದಿಗೆ ಮೂರು. ಹೀಗೆ ಲೆಕ್ಕ ಕೊಟ್ಟು ಕೊಟ್ಟು ಎರಡು ಉಳಿಸಿದ್ದೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ. ನಾನು ಬಿಸಾಕಿದ್ದು ಒಂದೂವರೆ ಕಿಲೋ ಇರಬಹುದು, 180 ರೂಪಾಯಿ. ಇಲ್ಲಿ ಒಂದು ಕಾಫಿಗೂ ಸಾಲದು. ಹೀಗೆ ಲೆಕ್ಕ ಹಾಕಿದರೆ ಸಮಾಧಾನ ಆಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ.

ಕರ್ಜಿಕಾಯಿ ಬೆಂದವು. ನಾಲ್ಕು ಬಾಯಿ ಬಿಟ್ಟವು, ಮಿಕ್ಕವು ಪರವಾಗಿಲ್ಲ. ತಟ್ಟೆಗೆ ಹಾಕಿ ಆ ಸೀರೆ ತುಂಡನ್ನೇ ಮುಚ್ಚಿ ಅಂಗಳಕ್ಕೆ ಒಯ್ದೆ. ಎಲ್ಲರಿಗಿಂತ ಮೊದಲು ಖಾಲಿಯಾಗಿದ್ದು ನನ್ನ ತಟ್ಟೆ, ಜಂಬ ಅಂದುಕೊಳ್ಳಬೇಡಿ. ಅಜ್ಜಿ ಮೂರು ತಿಂದರು. ಅವರ ಪ್ಲಮ್ ಕೇಕಿನ ಹುಳಿಗೆ ನನಗೆ ಊರಿನ ನೇರಳೆಹಣ್ಣು ನೆನಪಾಯಿತು. ಕತ್ತಲಾಗುವ ಮೊದಲೇ ಮಗಳನ್ನು ಎಳೆದುಕೊಂಡು ಒಳಗೆ ಬಂದೆ, ಚಂದ್ರ ಕಂಡುಬಿಟ್ಟಾನು ಅಂತ. ಯಾಕೆ ಅಂತ ಕೇಳಿದಳು. ಮಾಡದ ತಪ್ಪು ತಲೆ ಮೇಲೆ ಬರುತ್ತೆ ಕಣೇ ಅಂದೆ. ಹೇಳುವಾಗ ನನಗೇ ನಗು ಬಂತು. ನನ್ನ ತಲೆ ಮೇಲಿರುವುದು ಮಾಡಿದ್ದೇ.

ಭಾನುವಾರ ಬಾಲ್ಕನಿಯಲ್ಲಿ ಬಕೆಟ್ಟಿಗೆ ಗಣಪನನ್ನು ಬಿಡುವಾಗ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ಪೇಟೆಗೆ ಹೋಗಿ ಸತ್ಯಗಣಪತಿ ನೋಡಿಕೊಂಡು ಬಂದಿದ್ದ. ಮಗಳು ಮಿಕ್ಕಿದ್ದ ಒಂದು ಕರ್ಜಿಕಾಯಿ ಕ್ಯಾಮೆರಾಗೆ ಹಿಡಿದಳು. "ತಾತ, ಇದು ನಿಮ್ಮ ಕೊಬ್ಬರಿ ಅಲ್ಲ. ಕೆಳಗಿನ ಮನೆ ಅಜ್ಜಿ ಕೊಟ್ಟಿದ್ದು."

ನಾನು ಬಕೆಟ್ ಕಡೆ ನೋಡಿದೆ.

"ಹೌದಾ ಮಗ" ಅಂದ ಅಪ್ಪ. ಆಮೇಲೆ ಸ್ವಲ್ಪ ತಡೆದು ನನಗೆ ಹೇಳಿದ. "ಮುಂದಿನ ಸಲ ಬಂದಾಗ ತುರಿದೇ ಕೊಡ್ತೀನಿ ಬಿಡು. ಇಡೀ ಗಿಟುಕು ಬಿಡಲ್ವಂತಲ್ಲ ಅಲ್ಲಿ."

ಯಾರು ಹೇಳಿದರು, ಯಾವಾಗ ಗೊತ್ತಾಯಿತು, ಒಂದನ್ನೂ ಕೇಳಲಿಲ್ಲ. ತುರಿದಿದ್ದೂ ಕೊಬ್ಬರಿಯೇ, ಅದನ್ನೂ ಬಿಡಲಿಕ್ಕಿಲ್ಲ.

"ಹೂಂ ಅಪ್ಪ, ತುರಿದೇ ಕೊಡು" ಅಂದೆ.