ಗಟ್ಟಿಯಾಗಿ ಓದುವ ಮಕ್ಕಳಿಗೊಂದು ಕಿವಿ

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತನಾಡುತ್ತ ಬೆಳೆಯುವ ಉಡುಪಿಯ ಸುತ್ತಮುತ್ತಲಿನ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸುವವರು ಸಿಗುತ್ತಾರೆ. ಆದರೆ ಅವರು ಓದುವುದನ್ನು ತಾಳ್ಮೆಯಿಂದ ಕೂತು ಕೇಳುವವರು ಸಿಗುವುದು ಕಷ್ಟ. ಡಿಜಿಟಲ್ ತಂತ್ರಜ್ಞಾನದ ನಿಜವಾದ ಉಪಯೋಗ ಇರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಗೂಗಲ್ ಸಂಸ್ಥೆ 2019ರಲ್ಲಿ ಭಾರತದಲ್ಲಿ ‘ಬೋಲೋ’ ಹೆಸರಿನಲ್ಲಿ ಆರಂಭಿಸಿ, ಅನಂತರ ‘ರೀಡ್ ಅಲಾಂಗ್’ ಎಂದು ಕರೆದ ಆ್ಯಪ್, ಮಗು ಗಟ್ಟಿಯಾಗಿ ಓದುವುದನ್ನು ಆಲಿಸಿ, ತಡವರಿಸಿದ ಪದವನ್ನು ಉಚ್ಚರಿಸಿ ತೋರಿಸುತ್ತದೆ. ಕಥೆಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಅದು ನಡೆಯುತ್ತದೆ; ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ನಮ್ಮ ಊರುಗಳಿಗೆ ಇದು ಸಣ್ಣ ಸಂಗತಿಯಲ್ಲ.

ಹೈಸ್ಕೂಲಿಗೆ ಹೋಗುವ ನನ್ನ ತಂಗಿಯ ಮಗಳು ಆ್ಯಪ್‌ನ ಗೊಡವೆಯಿಲ್ಲದೆಯೇ, ಪಾಠದ ಒಂದು ಪ್ಯಾರಾವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಆನ್‌ಲೈನ್ ನಿಘಂಟಿನ ಧ್ವನಿಯೊಂದಿಗೆ ಹೋಲಿಸಿ ಕೇಳುತ್ತಾಳೆ. ವಿ ಮತ್ತು ಡಬ್ಲ್ಯೂ ಎರಡನ್ನೂ ಒಂದೇ ವಕಾರವಾಗಿ ಉಚ್ಚರಿಸುತ್ತಿರುವುದನ್ನು ಹಾಗೆ ತಾನೇ ಗುರುತಿಸಿಕೊಂಡವಳು, ಈಗ ವಿ ಬಂದಾಗ ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ, ಡಬ್ಲ್ಯೂ ಬಂದಾಗ ತುಟಿ ದುಂಡಗೆ ಮಾಡಿ ಮತ್ತೆ ಮತ್ತೆ ಓದುತ್ತಾಳೆ.

ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ‘ದೀಕ್ಷಾ’ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಪಾಠಕ್ಕೆ ಸಂಬಂಧಿಸಿದ ವಿಡಿಯೊಗಳೂ ದೊರೆಯುತ್ತವೆ. ಆದರೆ ಸುಮ್ಮನೆ ನೋಡುವುದರಿಂದ ಬಾಯಿ ತೆರೆಯುವುದಿಲ್ಲವಾದ್ದರಿಂದ, ವಿಡಿಯೊ ಮುಗಿದ ಮೇಲೆ ಅದರ ಸಾರಾಂಶವನ್ನು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ಮಗುವಿನಿಂದ ಹೇಳಿಸಿಕೊಳ್ಳಬೇಕೆಂದು ತಂದೆತಾಯಿಗಳಲ್ಲಿ ಕೇಳಿಕೊಳ್ಳುತ್ತೇನೆ.